ಹನ್ನೊಂದು ಗ್ರಾಂ

ಒಂದು ಬೋಲ್ಟ್ ತೆಗೆದು, ಆ ತೂತಿಗೆ ಗೇಣುದ್ದದ ಕಡ್ಡಿ ತಿರುಗಿಸಿ,
ಆಮೇಲಷ್ಟೇ ಚಕ್ರವನ್ನು ಅದರ ಮೇಲೆ ಜಾರಿಸಿ ಇಳಿಸುತ್ತೇನೆ,
ನಿದ್ದೆಯ ಮಗುವನ್ನು ಎತ್ತಿದಂತೆ.
ರಿಮ್ಮಿನ ಅಂಚು ಒಮ್ಮೆ ತಾಗಿದರೆ ಸಾಕು,
ಸೆರಾಮಿಕ್ ಡಿಸ್ಕಿನ ತುದಿ ಚಕ್ಕೆ ಏಳುತ್ತದೆ.
ಆ ಚಕ್ಕೆಯ ಬೆಲೆಗೆ ನನ್ನ ಗ್ಯಾರೇಜಿಗೆ
ಹೊಸ ಚಾವಣಿ ಬರುತ್ತಿತ್ತು.

ಡಾಕ್ಟರ್ ರೊಯ್ಶೆಲ್ ಬಾಗಿಲಲ್ಲಿ ನಿಂತಿದ್ದಾರೆ,
ಕೋಬ್ಲೆಂಟ್ಸಿನ ಹಲ್ಲಿನ ವೈದ್ಯರು.
"ಇರ್ಮ್‌ಟ್ರೌಟ್, ಮುಚ್ಚುಮರೆ ಬೇಡ,
ಹದಿನಾರು ಸಾವಿರ ಯೂರೊ ಸುರಿದದ್ದು ಸಾರ್ಥಕವೆ?"
ಕೀಳಲೇಬೇಕೆ ಎಂದು ಅವರ ಕುರ್ಚಿಯಲ್ಲಿ
ಬಾಯಿ ತೆರೆದವರು ಕೇಳುವ ದನಿ.

ನಾನು ಮಾತಾಡುವುದಿಲ್ಲ. ತಕ್ಕಡಿ ತರುತ್ತೇನೆ.

ಕಬ್ಬಿಣದ್ದಾದರೆ ದಪ್ಪ ಅಳೆದರಾಯಿತು,
ಬೆರಳಿಗೇ ಗೊತ್ತಾಗುತ್ತದೆ, ಅಂಚಿಗೊಂದು ತುಟಿ ಎದ್ದಿರುತ್ತದೆ.
ಇದು ಹಾಗೆ ಹೇಳಿಕೊಳ್ಳುವ ಜಾತಿಯಲ್ಲ.
ಒಳಗಿನ ಇಂಗಾಲದ ಎಳೆ ಕಾವಿಗೆ ಉರಿದು ಹೋಗುತ್ತಿದ್ದರೂ
ಹೊರಗೆ ಅದೇ ಬೂದು ಮುಖ.
ಅದಕ್ಕೇ ನಡುವಿನ ಬಟ್ಟಲ ಮೇಲೆ ಒಂದು ಸಂಖ್ಯೆ ಕೊರೆದಿರುತ್ತಾರೆ:
ಇದಕ್ಕಿಂತ ಹಗುರಾದ ದಿನ ಎಸೆಯಿರಿ.

ತೂಗಿದೆ. ಒರೆಸಿ ಮತ್ತೆ ತೂಗಿದೆ.
ನಾಲ್ಕು ವರ್ಷಕ್ಕೆ ಹನ್ನೊಂದು ಗ್ರಾಂ.
ಕಾಫಿಗೆ ಹಾಕುವ ಎರಡು ಚಮಚ ಸಕ್ಕರೆ.

"ಉತ್ತರದ ಸುತ್ತಿಗೆ ಎಷ್ಟು ಸಲ ಇಳಿದಿರಿ?"
"ಎರಡು." ಸ್ವಲ್ಪ ತಡೆದು, "ಒಂದೂವರೆ. ಮಂಜು ಬಂತು."
ಉಳಿದ ದಿನವೆಲ್ಲ ಹೆಂಡತಿ ಮೆಖ್ಟಿಲ್ಡ್
ಈ ಕಾರಲ್ಲಿ ಆಂಡರ್ನಾಖಿಗೆ, ಭಜನೆಯಲ್ಲ, ಚರ್ಚಿನ ಗಾಯನಕ್ಕೆ ಹೋಗುತ್ತಾರೆ.

ಬೇಕರಿಯವನ ಮಗ ಯೋರಿಸನದು ಬೇರೆ ಕತೆ.
ಹಳೆಯ ಪುಟ್ಟ ಕಾರು, ವಾರಕ್ಕೆ ಹತ್ತು ಸುತ್ತು.
ಆಗಸ್ಟಿನೊಳಗೆ ಅವನ ಕಬ್ಬಿಣ ನೀಲಿಗಟ್ಟಿ
ಒಣಗಿದ ಕೆಸರಿನಂತೆ ಬಿರಿಯುತ್ತದೆ.
ನಾಲ್ಕುನೂರು ಯೂರೊ, ಅರ್ಧ ದಿನದ ಕೆಲಸ,
ಜೊತೆಗೊಂದು ಚೀಲ ಬನ್ನು. ಮತ್ತೆ ಹೊರಟ.
ಸೆರಾಮಿಕ್ಕಿನ ಗುಣ ನಿಜಕ್ಕೂ ಬೇಕಾದವನಿಗೆ ಅದು ಎಟುಕದು,
ಎಟುಕಿದವರು ಅದನ್ನು ಬಿಸಿಯೇ ಮಾಡುವುದಿಲ್ಲ.

ಹಾಗೆಂದು ಹಳಿಯಲಾರೆ. ಒಮ್ಮೆ ಓಡಿಸಿ ನೋಡಿದ್ದೇನೆ.
ಚಕ್ರಗಳ ಬುಡದಲ್ಲಿ ಇಪ್ಪತ್ತು ಕಿಲೋ ಇಳಿದರೆ
ಕೈಗೆ ತಿಳಿಯುತ್ತದೆ, ಒದ್ದೆ ಬೂಟು ಕಳಚಿ
ಬರಿಗಾಲಲ್ಲಿ ಹುಲ್ಲು ತುಳಿದಂತೆ.
ಹತ್ತನೆಯ ತಿರುವಿನಲ್ಲೂ ಮೊದಲನೆಯದರದೇ ಹಿಡಿತ.
ಸುಳ್ಳು ಹೇಳಬಾರದು, ಮನೆಗೆ ಬಂದು ನಿದ್ದೆ ಮಾಡಲಿಲ್ಲ.

ನನ್ನ ತಮ್ಮ ಏವಾಲ್ಟನೂ ಸಾಲ ಮಾಡಿ ಹಾಕಿಸಿದ್ದ.
ಆರೆಂಬೆರ್ಗಿನ ತಿರುವಿಗೆ ಬಂದಾಗ ಕಾಲು ಒತ್ತಿದ,
ಪೆಡಲು ನೆಲಕ್ಕೆ ಹೋಯಿತು, ಬೆಣ್ಣೆಯೊಳಗೆ ಹೋದ ಹಾಗೆ.
ಡಿಸ್ಕಿನ ತಪ್ಪಲ್ಲ. ಎಣ್ಣೆಯದು.
ಬ್ರೇಕ್ ಎಣ್ಣೆ ಗಾಳಿಯಿಂದ ನೀರು ಕುಡಿಯುತ್ತದೆ,
ಯಾರಿಗೂ ಕಾಣದಂತೆ, ನನ್ನ ಮಾವ ಕುಡಿಯುತ್ತಿದ್ದ ಹಾಗೆ.
ಕುದಿಯಿತು, ಗುಳ್ಳೆ ಎದ್ದಿತು, ಅಷ್ಟೆ.
ಮೂರು ವರ್ಷ ಬದಲಿಸದೆ ಬಿಟ್ಟ ಹನ್ನೆರಡು ಯೂರೊದ ಬಾಟಲಿ.
ಹಿಮ್ಮಡಿಯ ಮೂಳೆ ಮೂರು ಚೂರು.
ಡಿಸ್ಕುಗಳಿಗೆ ಗೀರೂ ಇಲ್ಲ,
ಅವನ್ನು ಮಾರಿಯೇ ಅವುಗಳ ಸಾಲ ತೀರಿಸಿದ.

ಇದನ್ನೆಲ್ಲ ಡಾಕ್ಟರರಿಗೆ ಹೇಳಲಿಲ್ಲ.
ನಳಿಕೆ ಸಿಕ್ಕಿಸಿ ಅವರ ಕಾರಿನ ಎಣ್ಣೆ ಹೊರಗೆಳೆದೆ.
ಗಾಜಿನ ಸೀಸೆಯಲ್ಲಿ ಕಡುಕಂದು, ಹಳಸಿದ ಚಹಾ.
ಪಕ್ಕದಲ್ಲಿ ಹೊಸತನ್ನು ಹಿಡಿದೆ, ತಿಳಿ ಜೇನು.
ಅವರು ಎರಡನ್ನೂ ನೋಡಿದರು,
ಎಕ್ಸ್‌ರೇ ನೋಡುವವರಂತೆ, ಬೆಳಕಿಗೆ ಎತ್ತಿ.

"ಮತ್ತೆ, ಡಿಸ್ಕು?"
"ಇರಲಿ. ನಿಮ್ಮ ಮೊಮ್ಮಕ್ಕಳಿಗೂ ಸವೆಯದು."
"ಹನ್ನೊಂದು ಗ್ರಾಂ ಎಲ್ಲಿ ಹೋಯಿತು ಹಾಗಾದರೆ?"
ಅರ್ಧ ಬ್ರೈಡ್‌ಶೈಡಿನ ಸೇತುವೆಯ ಬಳಿ ಇರಬಹುದು,
ಉಳಿದದ್ದು ಚರ್ಚಿನ ಪಾರ್ಕಿಂಗಿನಲ್ಲಿ.
ಅವರಿಗೆ ನಗು ಬಂತು. ಯಾಕೋ ಬೇಗ ನಿಂತಿತು.

ನನ್ನ ವ್ಯಾನಿನ ಚಕ್ರಗಳು ಕಬ್ಬಿಣದ ಹುಡಿಯಿಂದ ಕಪ್ಪು.
ಶನಿವಾರ ಉಜ್ಜುತ್ತೇನೆ, ಉಗುರಿನಲ್ಲಿ ಸೋಮವಾರದವರೆಗೂ ಇರುತ್ತದೆ.
ಅವರ ರಿಮ್ಮುಗಳಲ್ಲಿ ಮುಖ ನೋಡಿಕೊಳ್ಳಬಹುದು.

ಹೊರಡುವಾಗ ಗೇಟಿನ ಬಳಿ ನಿಲ್ಲಿಸಿದರು.
ತಣ್ಣಗಿದ್ದ ಬ್ರೇಕು ಹಂಡೆ ಕೆರೆದಂತೆ ಕಿರುಚಿತು,
ಪಕ್ಕದ ಮನೆಯ ಬಾತುಗಳೆಲ್ಲ ಒಟ್ಟಿಗೆ ಉತ್ತರ ಕೊಟ್ಟವು.
ಅದಕ್ಕೆ ಬಿಲ್ಲು ಹಾಕಲಿಲ್ಲ.