ತೊಕ್ತಾ

ವಿಮಾನದ ಮೂತಿಯ ಕೆಳಗೆ ನಿಲ್ಲುವವನು ನಾನು, ದೌರೆನ್.
ಅಲ್ಮಾಟಿಯಲ್ಲಿ ಇಪ್ಪತ್ತೆರಡು ಚಳಿಗಾಲ
ಕಿವಿಗೊಂದು ತಂತಿ ಸಿಕ್ಕಿಸಿಕೊಂಡು
ಮುಖ ಕಾಣದವರೊಡನೆ ಮಾತಾಡಿದ್ದೇನೆ.
ಬ್ರೇಕ್ ಬಿಟ್ಟಿದೆಯೇ? ಬಿಟ್ಟಿದೆ.
ತಳ್ಳಲೇ? ತಳ್ಳು.
ನಾಲ್ಕು ಮಾತಿನ ಸಂಸಾರ.
ಆಮೇಲೆ ತಂತಿ ಕೀಳುತ್ತೇನೆ, ಅವರು ಆಕಾಶದ ಪಾಲು.

ಜನವರಿಯ ಆ ಬೆಳಗ್ಗೆ ಚಾಚಿದ ಕೈಯ
ಬೆರಳು ಕಾಣದಷ್ಟು ಮಂಜು.
ಟಗ್ಗಿನ ಮೇಲೆ ವೀತ್ಯಾ, ಬಾಯಲ್ಲಿ ಹಚ್ಚದ ಸಿಗರೇಟು.
ಬಲರೆಕ್ಕೆಯ ತುದಿಗೆ ಇಲ್ಯಾಸ್, ಹೊಸ ಹುಡುಗ,
ದೀಪದ ಕೋಲು ಹಿಡಿದು ನಿಂತಿರಬೇಕಾದವನು.
ನಿಂತಿರಬೇಕಾದವನು ಎಂದೆ.

ಮೇಲೆ ಕ್ಯಾಪ್ಟನ್ ಅಸ್ಕಾರ್‌ಬೆಕ್. ಪಳಗಿದ ಕೈ,
ಇಳಿಸಿದರೆ ಕಪ್ಪಿನ ಚಹಾ ತುಳುಕದು ಎನ್ನುತ್ತಾರೆ.
ಹೊರಡುವ ಗಳಿಗೆಗೆ ನಾಲ್ಕೇ ನಿಮಿಷ,
ತಪ್ಪಿದರೆ ಮತ್ತೊಂದು ಗಂಟೆ.
ಯಾಕೋ ಅಂದು ಮೈಕಿನ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಇತ್ತು,
ಪರರ ಕೋಣೆಯ ಬಾಗಿಲು ಓರೆಯಾದಂತೆ.

ಬಲಗಡೆ ಸೀಟಿನ ಹುಡುಗಿ ಹೇಳಿದಳು:
"ಆಗಾ, ಬಲಗಡೆ ಒಂದು ಸಲ ಕೇಳಿ ನೋಡಬಹುದಿತ್ತೇನೋ..."
ಎಷ್ಟು ಹತ್ತಿ ಸುತ್ತಿದ್ದಳೆಂದರೆ
ಒಳಗಿನ ಮೊಳೆ ಯಾರಿಗೂ ಚುಚ್ಚಲಿಲ್ಲ.
ಕ್ಯಾಪ್ಟನ್ "ಹೂಂ" ಅಂದರು, ಹವೆಯ ಮಾತಿಗೆ ಅಂದ ಹಾಗೆ.
ನನಗೆ: "ಬ್ರೇಕ್ ಬಿಟ್ಟಿದೆ. ತಳ್ಳು."

ನಿಜ ಹೇಳುತ್ತೇನೆ. ಕೋಲಿನ ದೀಪ ನನಗೂ ಕಂಡಿರಲಿಲ್ಲ.
ನಿಲ್ಲಿಸುವ ಹಕ್ಕು ನನ್ನ ಕೈಪಿಡಿಯಲ್ಲೇ ಇದೆ, ಹನ್ನೊಂದನೆಯ ಪುಟ,
ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.
ಆದರೆ ಭುಜದ ನಾಲ್ಕು ಪಟ್ಟಿ
ಮಂಜಿನಲ್ಲೂ ಕಾಣುತ್ತವೆ, ತಗಡಿನ ಆಚೆಗೂ.
ಕೈ ಎತ್ತಿದೆ. ವೀತ್ಯಾ ಗೇರು ಹಾಕಿದ.
ಚಕ್ರ ಒಂದು ಗೇಣು ಉರುಳಿತು.

"ತೊಕ್ತಾ!"

ಹಿರಿಯರೆದುರು ನಮ್ಮಲ್ಲಿ ಆ ಪದಕ್ಕೊಂದು ಬಾಲ ಹಚ್ಚಬೇಕು,
ನಿಲ್ಲಿಸು ಅಲ್ಲ, ನಿಲ್ಲಿಸಿ.
ಮೊದಲ ತುತ್ತಿನ ಜೊತೆಗೇ ಕಲಿಸುತ್ತಾರೆ.
ಅದನ್ನು ಹಚ್ಚುವಷ್ಟು ನೆಲ
ರೆಕ್ಕೆಯ ಹಿಂದೆ ಉಳಿದಿರಲಿಲ್ಲ.
ನನ್ನ ಎರಡು ಮುಷ್ಟಿ ತಲೆಯ ಮೇಲೆ ಅಡ್ಡಡ್ಡ ಕೂಡಿದವು,
ಕ್ಯಾಪ್ಟನ್ ಬಾಯಿ ತೆರೆಯುವ ಮೊದಲೇ.

ವೀತ್ಯಾ ಇಳಿದು ಓಡಿದ.
ಹಿಮ ತೊಳೆಯುವ ಲಾರಿ ಅಲ್ಲೇ ಇತ್ತು.
ಕೋಲು ನೆಲಕ್ಕೆ ಹಾಕಿ, ಮಂಡಿಯೂರಿ,
ಸೆಟೆದ ಪೈಪನ್ನು ಸುತ್ತುತ್ತಿದ್ದ ಇಲ್ಯಾಸ್
ಯಾಕಣ್ಣಾ, ಹೊತ್ತಾಯಿತೇ ಎಂದನಂತೆ.

ತಂತಿಯಲ್ಲಿ ಏಳು ಉಸಿರು. ಎಣಿಸಿದೆ.
"ಬ್ರೇಕ್ ಹಾಕಿದೆ," ಅಂದರು ಕ್ಯಾಪ್ಟನ್, ನನಗೆ.
ಮತ್ತೆ ಬೇರೆ ದನಿಯಲ್ಲಿ:
"ಮೆರುಯೆರ್ತ್, ಬಲಗಡೆ ಏನು ಕಾಣುತ್ತಿದೆ?"
"ಏನೂ ಕಾಣುತ್ತಿಲ್ಲ, ಆಗಾ. ಅದಕ್ಕೇ."
ಟಕ್. ಗುಂಡಿ ಬಿಟ್ಟಿತು, ಬಾಗಿಲು ಮುಚ್ಚಿತು.
ಒಳಗೆ ಮುಂದೇನಾಯಿತೋ ನನಗೆ ತಿಳಿಯದು.

ಒಂದು ಗಂಟೆ ಕಳೆದು ತಳ್ಳಿದೆವು.
ಕೆಂಪು ಪಟ್ಟಿಯ ಪಿನ್ನು ಎತ್ತಿ ತೋರಿಸಿದೆ.
ಎಡಗಿಟಕಿಯಿಂದ ಸಲಾಮು ಬಂತು;
ಬಲಗಡೆ ತಲೆ ಯಾವುದೋ ಪಟ್ಟಿಯ ಮೇಲೆ ಬಗ್ಗಿತ್ತು.

ವರದಿಯ ಹಾಳೆಯಲ್ಲಿ, ನಿಲ್ಲಿಸಿದವರು ಯಾರು?
ಎದುರಿಗೆ ಒಂದೇ ಗೆರೆ.
ಮುಷ್ಟಿ ನನ್ನದೇ ಅಲ್ಲವೇ, ಎಂದು
ನನ್ನ ಹೆಸರು ಬರೆದೂಬಿಟ್ಟಿದ್ದೆ.
ಹೊಡೆದುಹಾಕಿದೆ.
ಅವಳ ಹೆಸರಿಗೆ ಯಾವ ಅಕ್ಷರವೆಂದು ಕೇಳಲು
ಆ ಮಂಜಿನಲ್ಲೇ ಗೋಡೆ ತಡವುತ್ತ
ಕಚೇರಿಗೆ ನಡೆದೆ.