ಕಾಲು ಮುಂದಾಗಿ ಹುಟ್ಟಿದವಳು

ಆರಕ್ಕೆ ಶುರುವಾಗಬೇಕಿತ್ತು ಆಟ. ಏಳಾದರೂ ಮಂಜು ಬಿಡಲಿಲ್ಲ.
ಹದಿನೆಂಟನೇ ಗುಳಿಯ ಹಿಂದೆ ನನ್ನ ಡೇರೆ:
ಒಂದೇ ಮೇಜು, ಅದರ ಕುಂಟು ಕಾಲಿನಡಿ
ನಾಲ್ಕಾಗಿ ಮಡಿಸಿದ ನಿನ್ನೆಯ ಸ್ಕೋರ್‌ಕಾರ್ಡು,
ಚಿಕ್ಕಮಗಳೂರಿನ ಮೀನಂಗಡಿಯಿಂದ ತಂದ ಐಸು.
ಎಷ್ಟು ತೊಳೆದರೂ ಡಬ್ಬಕ್ಕೆ ಬಂಗುಡೆಯ ನೆನಪು.

ಇವರ ಮುಖಕ್ಕಿಂತ ಮೊದಲು ಬೆನ್ನು ನನಗೆ ಪರಿಚಯ.
ಎಲ್ಲಿ ನೋವು ಅಂದರೆ
"ಏನಿಲ್ಲ, ಸುಮ್ಮನೆ ಬಂದೆ" ಅನ್ನುತ್ತಾರೆ.
ಪರದೆಯಾಚೆ ಸರದಿ ಕಾಯುವವನು
ನಾಳೆ ಎದುರಾಳಿ.

ಶುಕ್ರವಾರ, ಕಟ್‌ನ ದಿನ.
ಹನ್ನೊಂದನೇ ಗುಳಿ ಮುಗಿಸಿ ಪಂಚಕುಲದ ಗುರ್ನೂರ
ಬಗ್ಗಿದವನು ಏಳಲಿಲ್ಲ.
ಗಾಡಿಯಲ್ಲಿ ಓಡಿದೆ. ನಿಯಮದಂತೆ ಹದಿನೈದು ನಿಮಿಷ;
ರೆಫರಿ ನಿಮಿಷ ಎಣಿಸುತ್ತಾನೆ, ನಾನು ಬೆನ್ನಿನ ಮಣಿ.
ನೆಂದ ಹಗ್ಗದ ಗಂಟಿನ ಹಾಗೆ ಸ್ನಾಯು.
ಸಾಕು ನಿಲ್ಲಿಸು, ಅಂದೆ.
"ಇನ್ನು ಏಳೇ."
ಟೇಪು ಸುತ್ತಿದೆ. ಟೇಪು ಏನು ಮಾಡುತ್ತದೆಂದು
ನನಗೂ ಗೊತ್ತು, ಅವನಿಗೂ.

ಒಂದೇ ಹೊಡೆತದಲ್ಲಿ ತಪ್ಪಿತು.
ಮೇಜಿನ ಮೇಲೆ ಬೋರಲು ಮಲಗಿ
ತೂತಿನೊಳಗಿಂದ ಹುಲ್ಲು ನೋಡುತ್ತ ಅರ್ಧ ಗಂಟೆ.
ಅಳುತ್ತಿದ್ದಾನೆಂದು ಪಕ್ಕೆಲುಬು ಹೇಳಿತು.
ನಾನು ಕೇಳಲಿಲ್ಲ.

ಸಂಜೆ ಡೇರೆ ಬಿಚ್ಚುವಾಗ ದ್ಯಾವಣ್ಣ ಬಂದ,
ಕೈಮರದವನು, ಗುರ್ನೂರನ ಚೀಲ ಹೊತ್ತವನು.
ಗೆದ್ದರೆ ಅವನಿಗೂ ಪಾಲು, ಇಲ್ಲದಿದ್ದರೆ ಬರೀ ಕೂಲಿ.
"ಮೇಜು ಆಟಗಾರರಿಗೆ ಮಾತ್ರ, ಬೋರ್ಡು ನೋಡಿದೀನಿ ಮೇಡಂ.
ನೀವು ಕಾಲು ಮುಂದಾಗಿ ಹುಟ್ಟಿದೋರಂತಲ್ಲ?
ಸೊಂಟ ಹಿಡ್ಕಂಡದೆ. ಒಂದ್ಸಲ ಒದ್ದುಬಿಡಿ."

ಹಾಸನ, ಸಾಲಗಾಮೆ ರಸ್ತೆಯ ವಠಾರ.
ಐದು ವರ್ಷದ ನನ್ನನ್ನು ನಿದ್ದೆಯಿಂದ ಎಬ್ಬಿಸಿ
ಹೊಸಿಲ ಮೇಲೆ ನಿಲ್ಲಿಸುತ್ತಿದ್ದರು.
ಕೆಳಗೆ ಬೋರಲು ಬಸ್ ಡ್ರೈವರು, ಸೊಪ್ಪಿನ ಅಜ್ಜಿ,
ಒಂದು ಸಲ ನಮ್ಮ ಹೆಡ್‌ಮೇಷ್ಟ್ರು!
ಮೂರು ಸಲ ಎಡಗಾಲು ತಾಗಿಸಿದರೆ ಒಂದು ಪೆಪ್ಪರ್‌ಮಿಂಟು.
ನಾಲ್ಕೂವರೆ ವರ್ಷ ಕಾಲೇಜಿಗೆ ಹೋದದ್ದು
ಆ ಕಾಲನ್ನು ಮರೆಯುವುದಕ್ಕೇ.

ಯಾರು ಹೇಳಿದರು ಇವನಿಗೆ?

ಮೇಜಿಗೆ ಹತ್ತು ಅಂದೆ, ಒಪ್ಪಲಿಲ್ಲ.
ಹುಲ್ಲಿನ ಮೇಲೆ ಚಾಪೆ ಹಾಸಿ
ಓದಿದ್ದನ್ನೆಲ್ಲ ಹೆಬ್ಬೆರಳಿಗೆ ತಂದು ಒತ್ತಿದೆ.
ಬೆನ್ನು ಸಡಿಲಿತು. ದ್ಯಾವಣ್ಣ ಏಳಲಿಲ್ಲ.
"ಆಯ್ತಲ್ಲ?"
"ಇನ್ನೊಂದು ಬಾಕಿ ಅದೆ."

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು
ಶೂ ಬಿಚ್ಚಿದೆ, ಕಾಲುಚೀಲವನ್ನೂ.
ಹುಲ್ಲು ತಣ್ಣಗಿತ್ತು.
ಒಂದು. ಎರಡು. ಮೂರು.

ಎದ್ದು ಹೆಗಲು ಕೊಡವಿದ, ಇಲ್ಲದ ಚೀಲ ಸರಿಮಾಡಿಕೊಂಡಂತೆ.
ಕೆರೆಯಲ್ಲಿ ಹೆಕ್ಕಿದ ಎರಡು ಚೆಂಡು ಮೇಜಿನ ಮೇಲಿಟ್ಟು
ಹಿಂದೆ ನೋಡದೆ ಹೋದ.
ಮೇಜು ವಾಲಿಕೊಂಡೇ ಇತ್ತು;
ಒಂದು ಚೆಂಡು ಉರುಳಿ ಕರಗಿದ ಐಸಿನಲ್ಲಿ ಬಿತ್ತು.