ಮೂರನೇ ರೀಲು

ಬರ್ಮಿಂಗ್‌ಹ್ಯಾಮಿನ ಕೊವೆಂಟ್ರಿ ರಸ್ತೆಯಲ್ಲಿ
ಭಾನುವಾರ ಬೆಳಿಗ್ಗೆ ಬಾಡಿಗೆಗೆ ಸಿಗುತ್ತಿದ್ದ ಟಾಕೀಸು.
ಹಿಂದಿನ ರಾತ್ರಿಯ ಬಿಯರು, ಒದ್ದೆ ಕೋಟುಗಳ ವಾಸನೆ.
ಮೇಲಿನ ಗೂಡಿನಲ್ಲಿ ನಾನು, ಎರಡು ಪ್ರೊಜೆಕ್ಟರು,
ಗದಗಿನ ಟೂರಿಂಗ್ ಟೆಂಟಿನಲ್ಲಿ ಪಳಗಿದ ಕೈ.

ಚಳಿಗಾಲ ಪೂರ್ತಿ ಉರ್ದು ಚಿತ್ರ ಹಾಕಿದೆ.
ಬಂಗಾಳಿ ಕೇಳುವವರು ಇಪ್ಪತ್ತು ಮಂದಿ ಇಲ್ಲ,
ರೊಕ್ಕ ಹುಟ್ಟೋದಿಲ್ಲ, ಅಂದಿದ್ದ ಹಂಚಿಕೆದಾರ.
ಹೋಟೆಲಿನ ಅಡುಗೆಯ ತಫಜ್ಜುಲ್ ಮಿಯಾ ಮಾತ್ರ
ವಾರ ತಪ್ಪದೆ ಮೆಟ್ಟಿಲು ಹತ್ತಿ ಬಂದು
ಧೂಳು ಹಿಡಿದ ಕಿಟಕಿಯ ಮೇಲೆ
ಬೆಳ್ಳುಳ್ಳಿ ನಾರುವ ಬೆರಳಿನಿಂದ
ಅದೇ ಚಿತ್ರದ ಹೆಸರು ಬರೆದು ಇಳಿದು ಹೋಗುತ್ತಿದ್ದ.
ನನಗೆ ಓದಲು ಬಾರದು. ನಮ್ಮಲ್ಲಿ
ಅಕ್ಷರಕ್ಕೊಂದು ತಲೆಕಟ್ಟು;
ಅವರಲ್ಲಿ ಇಡೀ ಪದಕ್ಕೆ ಒಂದೇ ಸೂರು.

ಎಪ್ಪತ್ತೊಂದರ ಏಪ್ರಿಲ್. ಆ ಚಿತ್ರವೇ ಬಂತು,
ಗೀರು ಬಿದ್ದ ಹಳೇ ಪ್ರಿಂಟು, ನಗೆಯ ಕಥೆ.
ಮುನ್ನೂರು ಜನ. ನಾಲ್ಕು ವಾರದಿಂದ
ಒಬ್ಬರಿಗೂ ಊರಿಂದ ಕಾಗದವಿಲ್ಲ.
ಬಾಗಿಲಲ್ಲಿ ಸೀಳು ಕೊರೆದ ಡಾಲ್ಡಾ ಡಬ್ಬಿ,
ಹೊಸ ಪೆನ್ಸು, ಹಳೇ ಷಿಲಿಂಗು.
ಕೋಟು ಹೊಲಿಯುವ ಗುಲ್ನಹಾರ್ ಬಿಚ್ಚಿ ಕೊಟ್ಟ ಬಳೆ
ಸೀಳಿಗೆ ಹಿಡಿಸದೆ ಡಬ್ಬಿಯ ಮೇಲೇ ಕೂತಿತ್ತು.

ಮೂರನೇ ರೀಲು. ಅದರಲ್ಲಿ ಬಾವುಟವಿಲ್ಲ, ಭಾಷಣವಿಲ್ಲ.
ದೋಣಿ ತಪ್ಪಿದ ಮದುಮಗ, ಕೆಸರು ಮೆತ್ತಿದ ಪಂಚೆ;
ಅಂಬಿಗ ಬೀಡಿ ಕಚ್ಚಿಕೊಂಡೇ ಕೇಳುತ್ತಾನೆ,
ಯಾವೂರಪ್ಪಾ?
ಅದನ್ನೇ ಕೇಳಿರಬೇಕು. ಭಾಷೆ ಬಾರದವನಿಗೂ
ಆ ಪ್ರಶ್ನೆ ತಿಳಿಯುತ್ತದೆ.

ಮದುಮಗ ಬಾಯಿ ತೆರೆಯುವ ಮುಂಚೆ
ಕತ್ತಲಲ್ಲಿ ಯಾರೋ: ನಬಿಗಂಜ್.
ಬಾಲ್ಕನಿಯಿಂದ: ಬಿಶ್ವನಾಥ್.
ಬಿಯಾನಿಬಾಜಾರ್. ಛಾತಕ್.
ಇನ್ನೊಮ್ಮೆ ನಬಿಗಂಜ್, ಗಂಟಲು ಕಟ್ಟಿ,
ಹೊಳೆ ದಾಟಿಸುವವನು ಎದುರಿಗೇ ನಿಂತಂತೆ.

ಹಿಂದಕ್ಕೆ, ಹಿಂದಕ್ಕೆ, ಎಂದು ಕುರ್ಚಿ ಬಡಿದರು.
ರೀಲು ಬಿಚ್ಚಿ, ಕೈಯಲ್ಲಿ ಸುತ್ತಿ, ಮತ್ತೆ ಏರಿಸಿದೆ.
ಮತ್ತೆ ಕೇಳಿದ ಅಂಬಿಗ.
ಈ ಸಲ ಎಲ್ಲರದೂ ಒಂದೇ ಹೆಸರು,
ಚೀರದೆ, ಹಾಜರಿ ಹೇಳಿದ ಹಾಗೆ;
ನನ್ನ ಶಾಲೆಯ ಗೋಡೆಯ ನಕಾಶೆಯಲ್ಲಿ
ಆ ಹೆಸರಿನ ದೇಶ ಇರಲಿಲ್ಲ.

ಮೂರನೇ ಸಲಕ್ಕೆ ಫಿಲ್ಮು ಹರಿಯಿತು.
ಚೂರು ಕತ್ತರಿಸಿ, ಅಂಟು ಹಚ್ಚಿ, ಒಣಗಲೆಂದು ಊದುವಾಗ
ಕೆಳಗೆ ಯಾರೂ ದೀಪ ಹಾಕಿ ಎನ್ನಲಿಲ್ಲ. ಒಬ್ಬರು ಕೆಮ್ಮಿದರು.
ಮುಂಡರಗಿ, ಅಂದೆ ನಾನು, ಮೆಷಿನ್ನಿಗೆ.

ಕತ್ತರಿಸಿದ ನಾಲ್ಕು ಫ್ರೇಮು ಜೇಬಿನಲ್ಲೇ ಉಳಿದವು:
ತೆರೆದ ಬಾಯಿ, ಬೀಡಿ,
ಬೆನ್ನ ಹಿಂದೆ ಒಂದಿಷ್ಟು ನೀರು.